ಹಾಸಿಗೆಯ ಆಚೆ ಬದಿ

ಕಾರ್ಖಾನೆಗೆ ಪ್ರಶಸ್ತಿ ಬಂದಿದೆ ಎಂಬ ಸುದ್ದಿಯನ್ನು ಮೇಸ್ತ್ರಿ ಊಟಕ್ಕೆ ಕೂತು, ಎರಡು ತುತ್ತು ಒಳಗೆ ಹೋದ ಮೇಲೆ ಹೇಳಿದ. ಬಾಗಿಲಲ್ಲೇ ಹೇಳಬಹುದಿತ್ತು. ಆದರೆ ಹೆಂಡತಿಯ ಮುಖ ನೋಡಿಕೊಂಡು ಮಾತು ತೆಗೆಯುವ ಅಭ್ಯಾಸ ಅವನಿಗೆ ಸೋಂಕಿನ ವರ್ಷದಿಂದ ಅಂಟಿಕೊಂಡಿತ್ತು. ಆ ದಿನ ಅವಳ ಮುಖ ಪರವಾಗಿಲ್ಲ ಎನ್ನುವಂತಿತ್ತು.

"ಆಸ್ಪತ್ರೆಗಳಿಗೆ ಹಾಸಿಗೆ ಕೊಟ್ಟಿದ್ವಲ್ಲ, ಅದಕ್ಕೆ," ಎಂದ. "ಸಮಾಜದ ಹೊಣೆ ಹೊತ್ತ ಸಂಸ್ಥೆ ಅಂತ ಸನ್ಮಾನ. ಕೆಲಸಗಾರರ ಪರವಾಗಿ ಒಬ್ಬರು ವೇದಿಕೆ ಹತ್ತಬೇಕಂತೆ. ನನ್ನ ಆರಿಸಿದ್ದಾರೆ."

ಅಜ್ಜ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿ ಮಗನ ದನಿ ಬಂದ ಕಡೆ ಮುಖ ತಿರುಗಿಸಿದ. ಅವನ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಕಿವಿ ಮಾತ್ರ ಬೀದಿಯ ಆ ತುದಿಯಲ್ಲಿ ಯಾರ ಚಪ್ಪಲಿ ಹರಿದಿದೆ ಎಂಬುದನ್ನೂ ಹೇಳುತ್ತಿತ್ತು. ಅವನೂ ಅದೇ ಹಾಸಿಗೆ ಕಾರ್ಖಾನೆಯಲ್ಲಿ ಹೊಲಿದು, ಮೇಸ್ತ್ರಿಯಾಗಿ, ನಿವೃತ್ತಿಯಾದವನು. ತನ್ನ ಕಾಲದಲ್ಲಿ ಮಾಲೀಕರ ಹೆಸರೇ ಪೇಪರಿಗೆ ಬರುತ್ತಿರಲಿಲ್ಲ, ಈಗ ಮಗ ವೇದಿಕೆಗೆ ಹತ್ತುತ್ತಾನೆ ಎಂದು ಹಿಗ್ಗಿ ಹೀರೇಕಾಯಿಯಾದ. ಕೋಟು ಯಾವ ಪೆಟ್ಟಿಗೆಯಲ್ಲಿದೆ ಎಂದು ಆಗಲೇ ಕೇಳಲು ಶುರುಮಾಡಿದ.

ಸೊಸೆ ನೀರಿನ ಲೋಟ ಗಂಡನ ಮುಂದೆ ಇಟ್ಟಳು. ಇಟ್ಟ ಸದ್ದು ಸ್ವಲ್ಪ ಜಾಸ್ತಿಯೇ ಆಯಿತು.

"ಹೊಣೆ ಹೊತ್ತವರು ಯಾರಂತೆ?"

ಮೇಸ್ತ್ರಿ ತಟ್ಟೆ ನೋಡಿಕೊಂಡು ಊಟ ಮುಗಿಸಿದ. ಕಾಲೇಜಿಗೆ ಹೋಗುವ ಮಗಳು ಪುಟ್ಟಿ ಎಲ್ಲರಿಗಿಂತ ಮೊದಲು ಎದ್ದು ಕೈತೊಳೆಯಲು ಹೋದಳು.

ಈ ಮನೆಯ ಒಂದು ಮಾತನ್ನು ಇಲ್ಲಿ ಹೇಳಿಬಿಡಬೇಕು. ಹಾಸಿಗೆಯನ್ನು ಚೌಕಟ್ಟಿಗೆ ಬಿಗಿದು ಗೋಡೆಯ ಹಾಗೆ ನಿಲ್ಲಿಸಿ, ನಡುನಡುವೆ ಉದ್ದನೆಯ ಸೂಜಿಯಲ್ಲಿ ಗಂಟು ಹಾಕುವಾಗ ಎರಡು ಬದಿಗೂ ಒಬ್ಬೊಬ್ಬರು ನಿಲ್ಲುತ್ತಾರೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಈಚೆಯವರು ಸೂಜಿ ನೂಕಿ "ಬಂತಾ?" ಎನ್ನಬೇಕು. ಆಚೆಯವರು ಸೂಜಿಯ ಮೊನೆ ಕಂಡು, ಹಿಡಿದು, "ಬಂತು" ಎನ್ನಬೇಕು. ಆಮೇಲೇ ಈಚೆಯವರು ಕೈಬಿಡುವುದು. ಬರದೆ ಬಂತು ಎಂದರೆ ಸೂಜಿ ಹತ್ತಿಯೊಳಗೆ ಓರೆಯಾಗಿ ಕಳೆದುಹೋಗುತ್ತದೆ. ಅದನ್ನು ಹುಡುಕಲು ಹಾಸಿಗೆಯ ಹೊಟ್ಟೆ ಬಗೆಯಬೇಕು. ಅಜ್ಜ ಮೇಸ್ತ್ರಿಯಾಗಿದ್ದಾಗ ಹೊಸಬರು ಬಂತು ಎಂದ ಕೂಡಲೇ "ನೋಡಿ ಹೇಳ್ತಿದ್ದೀಯಾ?" ಎಂದು ಗದರುತ್ತಿದ್ದ. ಸೊಸೆ ಆ ಕಾರ್ಖಾನೆಗೆ ಹುಡುಗಿಯಾಗಿ ಬಂದು ಅವನ ಮಗನ ಆಚೆ ಬದಿಗೆ ನಿಂತವಳು. ಇಬ್ಬರಿಗೂ ಮುಖಕ್ಕಿಂತ ಮೊದಲು ದನಿ ಪರಿಚಯವಾಯಿತು. ಪುಟ್ಟಿ ಹುಟ್ಟಿದ ಮೇಲೆ ಅವಳು ಕಾರ್ಖಾನೆ ಬಿಟ್ಟು ಮನೆಯಲ್ಲೇ ಮಿಷನ್ನಿನ ಮೇಲೆ ದಿಂಬಿನ ಚೀಲ ಹೊಲಿಯುತ್ತಿದ್ದಳು. ಮಾತು ಮಾತ್ರ ಮನೆಗೂ ಬಂತು. ಸಂಬಳಕ್ಕೂ ಅದೇ, ಗ್ಯಾಸಿಗೂ ಅದೇ, ಪುಟ್ಟಿಯ ಪರೀಕ್ಷೆಯ ಫಲಿತಾಂಶಕ್ಕೂ ಅದೇ: ಬಂತಾ? ಬಂತು.

ಸೋಂಕಿನ ವರ್ಷ ಆಸ್ಪತ್ರೆಗಳು ತುಂಬಿಹೋಗಿ, ಶಾಲೆಗಳನ್ನೂ ಗೋದಾಮುಗಳನ್ನೂ ಆಸ್ಪತ್ರೆ ಮಾಡಿದರು. ಮಂಚಗಳೇನೋ ಸಿಕ್ಕವು, ಮೇಲೆ ಹಾಸಲು ಏನೂ ಇರಲಿಲ್ಲ. ಕಾರ್ಖಾನೆಯ ಮಾಲೀಕರು ಹಾಸಿಗೆಗಳನ್ನು ಬಿಟ್ಟಿಯಾಗಿ ಕೊಡುತ್ತೇನೆಂದು ಮುಂದೆ ಬಂದರು. ಅವರನ್ನು ಆಡಿಕೊಳ್ಳುವಂತಿಲ್ಲ, ಕೊಟ್ಟದ್ದು ನಿಜ, ಒಳ್ಳೆಯ ಹತ್ತಿಯದೇ ಕೊಟ್ಟರು. ಕಷ್ಟ ಒಂದೇ. ಕೆಲಸಗಾರರು ಮನೆಗೂ ಕಾರ್ಖಾನೆಗೂ ಓಡಾಡಿದರೆ ಸೋಂಕು ಒಳಗೆ ಬರುತ್ತದೆ. ಆದ್ದರಿಂದ ಒಪ್ಪಿದವರು ಒಳಗೇ ಉಳಿಯಬೇಕು, ಹೊರಗೆ ಹೋದವರು ತಿರುಗಿ ಬರುವಂತಿಲ್ಲ. ಮೇಸ್ತ್ರಿ ಎಲ್ಲರಿಗಿಂತ ಮೊದಲು ಕೈ ಎತ್ತಿದ. ಮನೆಯಲ್ಲಿ ಕೇಳಿದ್ದೀಯಾ ಎಂದರು. ಕೇಳಿದ್ದೀನಿ ಎಂದ. ಬಟ್ಟೆ ಕಳಿಸು ಎಂದು ಫೋನು ಮಾಡಿದಾಗಲೇ ಹೆಂಡತಿಗೆ ಗೊತ್ತಾದದ್ದು.

ಆಮೇಲೆ ಮನೆಯಲ್ಲಿ ಅಜ್ಜನಿಗೂ ಅಜ್ಜಿಗೂ ಜ್ವರ ಬಂತು. ಒಂದು ಕೋಣೆಯಲ್ಲಿ ಮಾವ, ಇನ್ನೊಂದರಲ್ಲಿ ಅತ್ತೆ, ನಡುವೆ ಅವಳೊಬ್ಬಳು. ಪುಟ್ಟಿಯನ್ನು ಅಡುಗೆಮನೆಯಿಂದ ಈಚೆಗೆ ಬಿಡುತ್ತಿರಲಿಲ್ಲ. ಆಂಬುಲೆನ್ಸಿನವರು ಸರದಿ ಬಂದಾಗ ಬರುತ್ತೇವೆ ಎಂದರು. ಫೋನು ಮಾಡಿ ಕರೆದರೆ ಗಂಡ, ಲಾರಿ ನಿಂತಿದೆ, ಲೋಡು ಕಳಿಸಿ ಸಂಜೆ ನೋಡ್ತೀನಿ ಎಂದ. ಬೆಳಿಗ್ಗೆ ಗಂಜಿ ಕುಡಿದಿದ್ದ ಅಜ್ಜಿ ಮಧ್ಯಾಹ್ನ ತೀರಿಕೊಂಡಳು. ಮೇಸ್ತ್ರಿ ಮನೆ ಮುಟ್ಟುವಷ್ಟರಲ್ಲಿ ಅವಳನ್ನು ವ್ಯಾನಿನವರು ಸುತ್ತಿ ಒಯ್ದಾಗಿತ್ತು. ಅವಳಿಗೆಂದು ಕರೆದಿದ್ದ ಆಂಬುಲೆನ್ಸು ಮಾರನೆಯ ದಿನ ಬಂದು ಅಜ್ಜನನ್ನು ಕರೆದೊಯ್ದಿತು. ಗೋದಾಮಿನ ಆಸ್ಪತ್ರೆಯಲ್ಲಿ, ಮಗನ ಕಾರ್ಖಾನೆಯ ಹಾಸಿಗೆಯ ಮೇಲೆ ಮಲಗಿ ಅಜ್ಜ ಬದುಕಿಕೊಂಡ. ಕೈಯಾಡಿಸಿ ಗಂಟಿನ ಮೇಲೇ ಗುರುತು ಹಿಡಿದೆ ಎಂದು ಇವತ್ತಿಗೂ ಹೇಳುತ್ತಾನೆ.

ಹೀಗಾಗಿ ಆ ಮನೆಯಲ್ಲಿ ಆ ಹಾಸಿಗೆಗಳನ್ನು ಹೊಗಳುವಂತೆಯೂ ಇರಲಿಲ್ಲ, ಬಯ್ಯುವಂತೆಯೂ ಇರಲಿಲ್ಲ. ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಪ್ರಶಸ್ತಿ ಬಂದು ಎಲ್ಲವನ್ನೂ ಕೆದಕಿ ಹಾಕಿತು.

ಮುಂದಿನ ವಾರ ಕಾರ್ಖಾನೆಯ ಪ್ರಚಾರ ವಿಭಾಗದ ಮೇಡಂ ಕ್ಯಾಮೆರಾದವನನ್ನು ಕರೆದುಕೊಂಡು ಮನೆಗೆ ಬಂದಳು. ಸಭೆಯಲ್ಲಿ ತೋರಿಸಲು ಒಂದು ಚಿಕ್ಕ ಚಿತ್ರ ಬೇಕಿತ್ತು. ದಿಂಬಿನ ಚೀಲಗಳ ಗಂಟನ್ನು ಮೂಲೆಗೆ ಸರಿಸಿದರು, ಒಣಹಾಕಿದ್ದ ಬಟ್ಟೆ ತೆಗೆಸಿದರು, ಇದ್ದ ಒಂದೇ ಒಳ್ಳೆಯ ಕುರ್ಚಿಯನ್ನು ಕಿಟಕಿಯ ಬಳಿ ಹಾಕಿ ಅಜ್ಜನನ್ನು ಕೂರಿಸಿದರು. ಅಜ್ಜ ಕೋಟಿನ ಗುಂಡಿಗಳನ್ನು ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ. ಪುಟ್ಟಿ ಬಿಚ್ಚಿ ಸರಿಮಾಡಿದಳು.

"ನಾನು ಮಾತಾಡ್ತೀನಲ್ಲ ಅಜ್ಜ, ಆ ಕಡೆ ನೋಡಿ. ನಿಮ್ಮ ಮಗನ ಬಗ್ಗೆ ಏನಾದ್ರೂ ಹೇಳಿ," ಎಂದಳು ಮೇಡಂ.

ಅಜ್ಜ ಹಾಸಿಗೆಯ ಗಂಟಿನ ವಿಷಯ ಹೇಳಿದ, ಗೋದಾಮಿನ ನರ್ಸುಗಳನ್ನು ನೆನೆಸಿಕೊಂಡ. ಕೊನೆಗೆ, ಯಾರೂ ಕೇಳದೆಯೇ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಹೇಳಿದ.

"ನಮ್ಮವಳ ಜೀವ ಹೋಗೋ ಹೊತ್ತಿಗೆ ಸರಿಯಾಗಿ ಬಂದ ನನ್ನ ಮಗ. ಕೆಲಸಾನೂ ಬಿಡಲಿಲ್ಲ, ಅಮ್ಮನ್ನೂ ಬಿಡಲಿಲ್ಲ. ಹೊರಗೆ ಕೈಕಾಲು ತೊಳ್ಕೊಂಡು ಬಂದು ಅವಳ ಕೈ ಹಿಡ್ಕೊಂಡ. ಅವಳು ನೆಮ್ಮದಿಯಾಗಿ ಹೋದ್ಲು. ಇನ್ನೇನು ಬೇಕು?"

ಬಾಗಿಲ ಬಳಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ ಮೇಸ್ತ್ರಿ ಒಂದು ಹೆಜ್ಜೆ ಮುಂದಿಟ್ಟ. ಹಿಂದೆಯೂ ಒಂದೆರಡು ಸಲ ಅಪ್ಪ "ಕೊನೆಗಾದ್ರೂ ಬಂದಿಯಲ್ಲ" ಎಂದದ್ದುಂಟು. ಆ ಸಂಜೆ ತಡವಾಗಿ ಬಂದದ್ದನ್ನೇ ಹೇಳುತ್ತಿದ್ದಾನೆಂದು ಅವನು ತಿಳಿದಿದ್ದ. ಈಗ ತಿದ್ದಬೇಕಿತ್ತು. ಅವನು ಬಾಯಿ ಬಿಡಲಿಲ್ಲ. ಚಹಾದ ತಟ್ಟೆ ಹಿಡಿದು ನಿಂತಿದ್ದ ಅವನ ಹೆಂಡತಿ ಅದನ್ನು ಮೇಡಂ ಮುಂದೆ ಚಾಚಿದಳು. ಮೇಡಂ ಕಣ್ಣೊರೆಸಿಕೊಂಡಳು. ಅದು ನಾಟಕವಲ್ಲ, ನಿಜವಾಗಿಯೂ ಅವಳಿಗೆ ಅಳು ಬಂದಿತ್ತು.

ಅವರು ಹೋದ ಮೇಲೆ ಮೇಸ್ತ್ರಿ ಅಡುಗೆಮನೆಗೆ ಬಂದ. ಹೆಂಡತಿ ಕಪ್ಪು ತೊಳೆಯುತ್ತಿದ್ದಳು.

"ಅಪ್ಪ ಯಾಕೆ ಹಾಗಂದ್ರು? ತಲೆಗಿಲೆ ಕೆಟ್ಟಿದೆಯಾ?"

"ತಲೆ ನೆಟ್ಟಗಿದೆ. ಹಾಗೇ ತಿಳ್ಕೊಂಡಿದ್ದಾರೆ."

"ಯಾರು ಹೇಳಿದ್ದು?"

"ನಾನು. ಅವರಿಗಲ್ಲ, ಅತ್ತೆಗೆ."

ಅವಳು ಕಪ್ಪನ್ನು ಬೋರಲು ಹಾಕಿ, ಇನ್ನೊಂದನ್ನು ಎತ್ತಿಕೊಂಡಳು. ಅತ್ತೆ ಆ ಮಧ್ಯಾಹ್ನ ಪೂರ್ತಿ, ಅವನು ಬಂದ್ನಾ, ಅವನು ಬಂದ್ನಾ ಎಂದು ಕೇಳುತ್ತಲೇ ಇದ್ದಳಂತೆ. ಮೊದಮೊದಲು ಬರ್ತಾರೆ ಎಂದಳಂತೆ. ಉಸಿರು ಮೇಲೆ ಕೆಳಗೆ ಆಗತೊಡಗಿದಾಗ ಬಂದ್ರು ಎಂದುಬಿಟ್ಟಳಂತೆ. ಹೊರಗೆ ಕೈಕಾಲು ತೊಳೀತಿದ್ದಾರೆ, ಈಗ ಬಂದ್ರು ಅತ್ತೆ ಎಂದಳಂತೆ. ಪಕ್ಕದ ಕೋಣೆಯಲ್ಲಿ ಮಾವ ಎಚ್ಚರವಾಗಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಸಾಯೋರಿಗೆ ಸುಳ್ಳು ಹೇಳಿದ್ಯಾ?"

"ಇನ್ನೇನು ಹೇಳ್ಬೇಕಿತ್ತು?" ಅವಳು ಇತ್ತ ತಿರುಗಿದಳು. "ಲಾರಿ ನಿಂತಿದೆ, ಲೋಡಾದ ಮೇಲೆ ಬರ್ತಾರೆ, ಅಲ್ಲೀವರೆಗೆ ತಡ್ಕೊಳ್ಳಿ ಅನ್ಬೇಕಿತ್ತಾ?"

ಹಾಸಿಗೆಗೆ ಕಾಯುತ್ತಿದ್ದವರೂ ಯಾರದೋ ಅಮ್ಮಂದಿರೇ ಅಲ್ಲವೇ ಎಂದು ಮೇಸ್ತ್ರಿ ಗೊಣಗಿದ.

"ಹೌದು. ಅಲ್ಲ ಅಂದೋರು ಯಾರು? ಮಾವನೇ ಅದರ ಮೇಲೆ ಮಲಗಿ ಎದ್ದು ಬಂದ್ರು. ನೀವು ಹೋಗಿದ್ದು ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ. ಕೇಳದೆ ಹೋದ್ರಿ, ಕರೆದಾಗ ಬರಲಿಲ್ಲ. ಅಷ್ಟೇ." ಕೈಯಲ್ಲಿದ್ದ ಕಪ್ಪನ್ನೂ ಬೋರಲು ಹಾಕಿ ಹೇಳಿದಳು: "ಅಷ್ಟು ವರ್ಷ ಆಚೆ ಬದಿ ನಿಂತಿದ್ದೆ. ಬರದೆ ಬಂತು ಅಂದಿದ್ದು ಅದೊಂದೇ ಸಲ."

ಅಡುಗೆಮನೆಯ ಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. ಅಮ್ಮ ಅವಳನ್ನು ನೋಡಿ, ಹೋಗು, ಓದಿಕೋ ಎಂದು ಕಳಿಸಿದಳು.

ಮೇಸ್ತ್ರಿ ಪ್ರಚಾರ ವಿಭಾಗಕ್ಕೆ ಹೋಗಿ ಅಪ್ಪನ ಆ ಒಂದು ಮಾತನ್ನು ಚಿತ್ರದಿಂದ ತೆಗೆಯಿರಿ ಎಂದು ಕೇಳಿದ. ಯಾಕೆ ಎಂದರೆ ಹೇಳಲಾಗಲಿಲ್ಲ. ಅಪ್ಪನಿಗೆ ವಯಸ್ಸಾಗಿದೆ ಎಂದ, ಮನೆಯ ವಿಷಯ ಸಭೆಗೆ ಯಾಕೆ ಎಂದ. ಮೇಡಂ ನಕ್ಕು, ಇಂಥ ಸಂಕೋಚದ ಮನುಷ್ಯರಿಂದಲೇ ನಮ್ಮ ಸಂಸ್ಥೆ ಈ ಮಟ್ಟಕ್ಕೆ ಬಂದದ್ದು ಎಂದಳು. ಚಿತ್ರದ ಜೀವಾಳವೇ ಆ ಮಾತಂತೆ. ಮಾಲೀಕರು ಎರಡು ಸಲ ಹಾಕಿಸಿ ನೋಡಿದರಂತೆ. ಆಡಿದವರು ಬೇಡ ಎಂದರೆ ಮಾತ್ರ ತೆಗೆಯುತ್ತೇನೆ ಎಂದಳು. ಅದು ನ್ಯಾಯವೇ.

ಇತ್ತ ಅಜ್ಜ ಬೀದಿಯಲ್ಲಿ ಆ ಮಾತಿಗೆ ರೆಕ್ಕೆಪುಕ್ಕ ಕಟ್ಟುತ್ತಿದ್ದ. ಹಾಲಿನವನಿಗೆ ಹೇಳಿದ, ಕ್ಷೌರದವನಿಗೆ ಹೇಳಿದ. ಮೇಸ್ತ್ರಿ ಕೂದಲು ಕತ್ತರಿಸಿಕೊಳ್ಳಲು ಹೋದಾಗ ಕ್ಷೌರದವನು ಕತ್ತರಿ ನಿಲ್ಲಿಸಿ, ನಿಮ್ಮ ಕೈಯಿಂದಲೇ ನೀರು ಕುಡಿದರಂತೆ ನಿಮ್ಮ ತಾಯಿ, ಪುಣ್ಯವಂತರು ನೀವು ಎಂದ. ಮೇಸ್ತ್ರಿ ಕನ್ನಡಿಯಲ್ಲಿ ತನ್ನ ಮುಖ ನೋಡಲಾರದೆ ಕಣ್ಣು ಮುಚ್ಚಿಕೊಂಡ. ಸಭೆಯಲ್ಲಿ ದೊಡ್ಡ ಪರದೆಯ ಮೇಲೆ, ಸಾವಿರ ಜನರ ಮುಂದೆ, ಅಪ್ಪನನ್ನು ಮೊದಲ ಸಾಲಿನಲ್ಲಿ ಕೂರಿಸಿಕೊಂಡು ಈ ಸುಳ್ಳಿಗೆ ಚಪ್ಪಾಳೆ ಹೊಡೆಸಿಕೊಳ್ಳಬೇಕು. ಇಲ್ಲವೇ ಅಪ್ಪನಿಗೆ ಉಳಿದಿರುವ ಒಂದೇ ಒಂದು ನೆಮ್ಮದಿಯನ್ನು ಕಿತ್ತುಕೊಳ್ಳಬೇಕು. ಮೂರನೆಯ ದಾರಿ ಇರಲಿಲ್ಲ.

"ಮಾವನಿಗೆ ನಾನು ಹೇಳ್ಲಾ?" ಎಂದು ಹೆಂಡತಿ ಕೇಳಿದಳು. ದನಿಯಲ್ಲಿ ಮೊನಚಿರಲಿಲ್ಲ.

"ಬೇಡ. ಬರದೆ ಇದ್ದೋನು ನಾನು."

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಪುಟ್ಟಿ ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸಿ ಅಜ್ಜನ ತಟ್ಟೆಗೆ ಹಾಕುತ್ತಿದ್ದಳು. ಅಜ್ಜ ಸಭೆಗೆ ಕಾರು ಕಳಿಸುತ್ತಾರೋ ಬಸ್ಸೋ ಎಂದು ವಿಚಾರಿಸುತ್ತಿದ್ದ. ಮೇಸ್ತ್ರಿ ಅನ್ನ ಕಲಸುವುದನ್ನು ನಿಲ್ಲಿಸಿ, ಬೇಗ ಬೇಗ, ಬಿಸಿ ಪಾತ್ರೆ ಕೆಳಗಿಳಿಸುವವನ ಹಾಗೆ ಹೇಳಿಬಿಟ್ಟ.

"ಅಪ್ಪ, ಅಮ್ಮ ಹೋಗೋವಾಗ ನಾನು ಬಂದಿರಲಿಲ್ಲ. ಸಂಜೆ ಬಂದಿದ್ದು. ಆಗ ಅಮ್ಮ ಮನೇಲೇ ಇರಲಿಲ್ಲ."

ಅಜ್ಜ ತಲೆಯಾಡಿಸಿದ. ಚಿಕ್ಕ ಮಕ್ಕಳು ತಪ್ಪು ಲೆಕ್ಕ ಹೇಳಿದಾಗ ಆಡಿಸುವಂತೆ ಆಡಿಸಿದ.

"ಬಂದಿದ್ದೆ ಕಣೋ. ನಿನಗೆ ಆಗ ಮೈಮೇಲೆ ಪ್ರಜ್ಞೆ ಇರಲಿಲ್ಲ, ಮರೆತಿದ್ದೀಯ."

"ಇಲ್ಲಪ್ಪ. ಅಮ್ಮನ ಸಮಾಧಾನಕ್ಕೆ ಇವಳು ಹೇಳಿದ್ದು."

"ಇವಳು ಹೇಳಿದ್ದು ನನಗೂ ಕೇಳಿಸ್ತು. ಬರೀ ಹೇಳಿದ್ದು ಕೇಳಿ ನಂಬೋನಾ ನಾನು?" ಅಜ್ಜನ ದನಿ ಏರಿತು. "ನಲ್ಲಿ ಸದ್ದು ಕೇಳಿಸ್ತು. ಮುಂಬಾಗಿಲ ನಲ್ಲಿ. ಎಷ್ಟು ಹೊತ್ತು ತೊಳೆದೆ ನೀನು, ಬಕೆಟ್ಟು ತುಂಬಿ ಚೆಲ್ಲೋ ಸದ್ದೂ ಕೇಳಿಸ್ತು. ಕಣ್ಣು ಹೋಗಿರಬಹುದು, ಕಿವಿ ಹೋಗಿಲ್ಲ ನನಗೆ. ನೀನು ಬರದಿದ್ರೆ ನಲ್ಲಿ ಬಿಟ್ಟೋರು ಯಾರು?"

ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಇದು ಅವನಿಗೂ ಗೊತ್ತಿರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಪುಟ್ಟಿ ಹೇಳಿದಳು.

"ನಾನು, ಅಜ್ಜ."

ಅರ್ಧ ಸಿಪ್ಪೆ ಬಿಡಿಸಿದ ಮೊಟ್ಟೆ ಅವಳ ಕೈಯಲ್ಲೇ ಇತ್ತು.

"ಬಂದ್ರು, ತೊಳೀತಿದ್ದಾರೆ ಅಂತ ಅಮ್ಮ ಹೇಳಿದ್ಲು. ಸದ್ದೇ ಇಲ್ಲವಲ್ಲ ಅಂದ್ಲು ಅಜ್ಜಿ. ನಾನು ಅಡುಗೆಮನೆ ಬಾಗಿಲಲ್ಲಿದ್ದೆ. ಅಮ್ಮ ನನ್ನ ಮುಖ ನೋಡಿದ್ಲು. ನಾನು ಓಡಿಹೋಗಿ ನಲ್ಲಿ ಬಿಟ್ಟೆ."

ಅಜ್ಜ ತಟ್ಟೆಯನ್ನು ಮುಂದಕ್ಕೆ ತಳ್ಳಿ, ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದ. ಸೊಸೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಇಷ್ಟು ದಿನ ಇದನ್ನು ಗಂಡನಿಂದಲೂ ಮುಚ್ಚಿಟ್ಟದ್ದು ಆ ಹುಡುಗಿಗಾಗಿ. ಅಂಥ ಕೆಲಸಕ್ಕೆ ಮಗುವನ್ನು ಹಚ್ಚಿದೆನಲ್ಲ ಎಂಬ ಸಂಕಟ ಅವಳನ್ನು ಬಿಟ್ಟಿರಲಿಲ್ಲ. ಆ ಹುಡುಗಿಯೋ, ಆವತ್ತಿನಿಂದ ಮುಂಬಾಗಿಲ ನಲ್ಲಿಯಲ್ಲಿ ಕೈತೊಳೆದವಳಲ್ಲ.

ಆಮೇಲಿನ ದಿನಗಳಲ್ಲಿ ಮನೆ ಬಿಕೋ ಎನ್ನುತ್ತಿತ್ತು. ಅಜ್ಜನ ಊಟ ಕೋಣೆಗೇ ಹೋಗುತ್ತಿತ್ತು, ಅರ್ಧ ವಾಪಸು ಬರುತ್ತಿತ್ತು. ಹಾಲಿನವನು ಬಂದು ಮಾತಾಡಿಸಿದರೆ ಅಜ್ಜ ಮಲಗಿದ್ದೇನೆ ಎಂದು ಒಳಗಿನಿಂದಲೇ ಕೂಗುತ್ತಿದ್ದ. ಕೋಟು ಕುರ್ಚಿಯ ಬೆನ್ನಿನ ಮೇಲೇ ನೇತಾಡುತ್ತಿತ್ತು. ಸೊಸೆ ದಿನವೂ ಅದರ ಧೂಳು ಕೊಡವುತ್ತಿದ್ದಳೇ ಹೊರತು ಪೆಟ್ಟಿಗೆಗೆ ಹಾಕಲಿಲ್ಲ. ಹೇಳಬಾರದಿತ್ತು ಎಂದು ಮೇಸ್ತ್ರಿ ಒಮ್ಮೆ ಎಂದ. ಹೇಳಿಯಾಯಿತು, ಈಗ ಅವರನ್ನು ಅವರ ಪಾಡಿಗೆ ಬಿಡಿ ಎಂದಳು ಅವಳು. ಇಬ್ಬರೂ ಹೀಗೆ ಒಂದೇ ಕಡೆ ನಿಂತು ಮಾತಾಡಿ ಎಷ್ಟೋ ಕಾಲವಾಗಿತ್ತು.

ಒಂದು ಬೆಳಿಗ್ಗೆ ಸೊಸೆ ಗಂಜಿ ಒಯ್ದಾಗ ಅಜ್ಜ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ.

"ಕೈ ಹಿಡ್ಕೊಂಡಿದ್ದು?"

"ನಾನು ಮಾವ."

"ಅದು ನಾನೇ ಸೇರಿಸಿದ್ದೋ ಏನೋ. ದಿನಾ ನೆನೆಸ್ಕೊಂಡು ನೆನೆಸ್ಕೊಂಡು ಅವನೇ ಹಿಡಿದ ಹಾಗೆ ಆಗಿಹೋಯ್ತು." ಈಚೆಗೆ ಹೊರಳಿ ಕೇಳಿದ, "ನಲ್ಲಿ ಸದ್ದು ಕೇಳಿ ಏನಂದ್ಲು ಅವಳು?"

ಕೆಲಸಕ್ಕೆ ಹೊರಟಿದ್ದ ಮೇಸ್ತ್ರಿ ಬಾಗಿಲಲ್ಲಿ ನಿಂತ. ಸೊಸೆ ಅವನನ್ನು ನೋಡಿದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಸೋಪು ಹಾಕಿ ತೊಳೆಯೋಕೆ ಹೇಳು ಅಂದ್ರು. ಅವನಿಗೆ ಅಂಟದೆ ಇರ್ಲಿ ಅಂದ್ರು. ಆಮೇಲೆ ಮಾತಾಡ್ಲಿಲ್ಲ."

ಮೇಸ್ತ್ರಿ ಊಟದ ಡಬ್ಬಿಯನ್ನು ಅಲ್ಲೇ ಇಟ್ಟು ಗೋಡೆಗೆ ಹಣೆ ಹಚ್ಚಿ ಅತ್ತ. ಅಮ್ಮ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ಆಗ ಮೂಗು ಬಾಯಿ ಕಟ್ಟಿಕೊಂಡು ಯಾರನ್ನೂ ಮುಟ್ಟದೆ ನಿಲ್ಲಬೇಕಾಗಿತ್ತು, ಅಳುವುದಕ್ಕೂ ಭಯವಾಗುತ್ತಿತ್ತು. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಅಜ್ಜ ಗಂಜಿಯ ಬಟ್ಟಲನ್ನು ತಡಕಿ ಹಿಡಿದು, ಒಂದು ತೊಟ್ಟೂ ಬಿಡದೆ ಕುಡಿದು ಮುಗಿಸಿದ.

ಅದೇ ದಿನ ಕಾಲೇಜಿನಿಂದ ಬಂದ ಪುಟ್ಟಿಯನ್ನು ಅಜ್ಜ ಕೋಣೆಯಿಂದ ಕೂಗಿದ. ಅವಳು ಹೆದರುತ್ತ ಹೋದಳು.

"ನನ್ನ ಕೋಟು ಕೊಡು. ಕಾರ್ಖಾನೆಗೆ ಕರ್ಕೊಂಡು ಹೋಗು."

ದಾರಿಯುದ್ದಕ್ಕೂ ಅವಳ ಭುಜ ಹಿಡಿದುಕೊಂಡಿದ್ದ. ಬಯ್ಯಲೂ ಇಲ್ಲ, ಮುದ್ದಿಸಲೂ ಇಲ್ಲ. ಹಳೆಯ ಗೇಟಿನ ಬಳಿ ಬಂದಾಗ ಮಾತ್ರ, ನಲ್ಲಿ ಬಿಡೋದು ನಿನಗೆ ಹೊಳೀತಲ್ಲ, ನಿಮ್ಮಜ್ಜಿಗೆ ಗೊತ್ತಾಗಿದ್ರೆ ಜಾಣೆ ಅಂತಿದ್ಲು ಎಂದ. ಪುಟ್ಟಿ ಭುಜದ ಮೇಲಿದ್ದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಮೂಳೆ ಮುರೀಬೇಡ ಎಂದ ಅಜ್ಜ.

ಪ್ರಚಾರ ವಿಭಾಗದಲ್ಲಿ ಮೇಡಂ ಎದ್ದು ಬಂದು ಕುರ್ಚಿ ಕೊಟ್ಟಳು. ಅಜ್ಜ ಕೂರಲಿಲ್ಲ.

"ನಾನು ಆಡಿದ ಮಾತು ತೆಗೆದುಹಾಕು ತಾಯಿ. ಸೂಜಿ ಬಂದಿರಲಿಲ್ಲ. ಬಂತು ಅಂದುಬಿಟ್ಟೆ."

ಮೇಡಂಗೆ ಅರ್ಥವಾಗಲಿಲ್ಲ. ಪುಟ್ಟಿ ಬಿಡಿಸಿ ಹೇಳಿದಳು. ಮೇಡಂ ಇಬ್ಬರ ಮುಖವನ್ನೂ ನೋಡಿ, ತೆಗೆಯುತ್ತೇನೆ ಎಂದಳು. ಅವಳ ತಾಯಿಯೂ ಆ ವರ್ಷವೇ ಹೋದದ್ದಂತೆ, ತಾನು ಬೇರೆ ಊರಲ್ಲಿದ್ದೆ ಎಂದಳು. ಇವರು ಕೇಳಿರಲಿಲ್ಲ. ಅಜ್ಜ ದನಿ ಬಂದ ಕಡೆಗೆ ಕೈ ಚಾಚಿ ಅವಳ ತಲೆ ಸವರಿದ.

ಸಭೆಗೆ ಬರುವುದಿಲ್ಲ ಎಂದು ಅಜ್ಜ ಹೇಳಿದ. ನೀನು ಹೋಗು, ಹಾಸಿಗೆ ಸುಳ್ಳಲ್ಲ ಎಂದ. ಸೊಸೆಯೂ ಹಾಗೇ ಅಂದಳು. ಅಂಗಿಗೆ ಇಸ್ತ್ರಿ ಹಾಕಿಕೊಟ್ಟು, ಆದರೆ ತಾನು ಬರಲಾರೆ, ಅಲ್ಲಿ ಕೂತು ಚಪ್ಪಾಳೆ ತಟ್ಟುವುದಕ್ಕೆ ತನ್ನ ಕೈ ಏಳುವುದಿಲ್ಲ ಎಂದಳು. ಮೇಸ್ತ್ರಿ ಬೇಸರಪಟ್ಟುಕೊಳ್ಳಲಿಲ್ಲ. ಕಾರ್ಖಾನೆಯ ಬಸ್ಸು ಹತ್ತಿ ಒಬ್ಬನೇ ಹೋದ.

ಸಭೆಯನ್ನು ಪುಟ್ಟಿ ಫೋನಿನಲ್ಲಿ ಹಾಕಿ ನಡುಮನೆಯಲ್ಲಿ ಇಟ್ಟಳು. ಅಮ್ಮ ಮಿಷನ್ನು ನಿಲ್ಲಿಸಲಿಲ್ಲ, ಆದರೆ ಆ ಹೊತ್ತಿನಲ್ಲಿ ಹೊಲಿದ ಚೀಲಗಳನ್ನು ಮಾರನೆಯ ದಿನ ಬಿಚ್ಚಬೇಕಾಯಿತು. ಭಾಷಣಗಳಾದವು. ಕಷ್ಟಕಾಲದಲ್ಲಿ ಸಮಾಜದ ಕೈಬಿಡದ ಸಂಸ್ಥೆಗಳೆಂದು ಒಂದೊಂದನ್ನೇ ಕರೆದರು. ಒಬ್ಬರು ಊಟ ಹಂಚಿದ್ದರು, ಒಬ್ಬರು ಔಷಧ ಸಾಗಿಸಿದ್ದರು. ಹಾಸಿಗೆ ಕಾರ್ಖಾನೆಯ ಚಿತ್ರದಲ್ಲಿ ಅಜ್ಜ ಗಂಟು ಗುರುತು ಹಿಡಿದ ಕತೆ ಮಾತ್ರ ಇತ್ತು. ಮಾಲೀಕರ ಪಕ್ಕದಲ್ಲಿ ಮೇಸ್ತ್ರಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಶಾಲು ಹೊದಿಸಿದರು, ಫಲಕ ಕೊಟ್ಟರು, ಎರಡು ಮಾತು ಹೇಳಿ ಎಂದರು.

"ಹಾಸಿಗೆ ಹೊಲಿಯೋದು ಇಬ್ಬರ ಕೆಲಸ," ಎಂದ ಮೇಸ್ತ್ರಿ. ಮೈಕು ಕಿರುಗುಟ್ಟಿತು, ಹಿಂದೆ ಸರಿದು ಮತ್ತೆ ಹೇಳಿದ. "ಈಚೆ ಒಬ್ಬರು, ಆಚೆ ಒಬ್ಬರು ಇರಬೇಕು. ಆಚೆ ಇರೋರು ಕಾಣ್ಸೋದಿಲ್ಲ. ಆ ವರ್ಷ ನಾನು ಈಚೆ ಇದ್ದೆ. ಆಚೆ ಇದ್ದೋರು ಮನೇಲಿದ್ದಾರೆ. ಅವರು ಕರೆದಾಗ ನಾನು ಹೋಗಲಿಲ್ಲ. ಅಷ್ಟು ಹೇಳ್ಬೇಕು ಅನ್ನಿಸ್ತು."

ಸಭೆಯವರು ಅದನ್ನು ಅವನ ಕೆಲಸದ ಶ್ರದ್ಧೆ ಎಂದುಕೊಂಡು ಮೆಚ್ಚಿ ಜೋರಾಗಿ ಚಪ್ಪಾಳೆ ತಟ್ಟಿದರು. ಮಾಲೀಕರು ಬೆನ್ನು ತಟ್ಟಿದರು. ಮೇಸ್ತ್ರಿ ಏನೋ ತಪ್ಪಾಯಿತು ಎನ್ನುವವನ ಹಾಗೆ ಕೈ ಎತ್ತಿ, ಮತ್ತೆ ಇಳಿಸಿ, ಮೆಟ್ಟಿಲು ಇಳಿದ. ಮನೆಯಲ್ಲಿ ಮಿಷನ್ನಿನ ಸದ್ದು ನಿಂತಿತ್ತು. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು, ಅಡುಗೆಗೆ ಹೊತ್ತಾಯಿತು ಎಂದು ಎದ್ದಳು.

ಬೆಳಕು ಮಾಸುವ ಹೊತ್ತಿಗೆ ಮುಂಬಾಗಿಲ ನಲ್ಲಿಯ ಸದ್ದು ಕೇಳಿಸಿತು. ಸೊಸೆ ಒಲೆಯ ಮುಂದೆ ಹಾಗೇ ನಿಂತಳು. ಪುಟ್ಟಿ ಪುಸ್ತಕದಿಂದ ತಲೆ ಎತ್ತಿದಳು. ನೀರು ಬೀಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬೀಳುತ್ತಿತ್ತು.

"ಯಾರದು?" ಕೋಣೆಯಿಂದ ಅಜ್ಜ ಕೇಳಿದ.

"ಅಪ್ಪ ಬಂದ್ರು ಅಜ್ಜ. ಕೈಕಾಲು ತೊಳೀತಿದ್ದಾರೆ."

ಒಳಗೆ ಮಂಚ ಕಿರ್ರೆಂದಿತು.

"ನೋಡಿ ಹೇಳ್ತಿದ್ದೀಯಾ?"

ಪುಟ್ಟಿ ಎದ್ದು ಬಾಗಿಲಿಗೆ ಹೋದಳು. ಶಾಲು ಮತ್ತು ಫಲಕ ಗೇಟಿನ ಪಕ್ಕದ ಕಟ್ಟೆಯ ಮೇಲಿದ್ದವು. ಅಪ್ಪ ಪ್ಯಾಂಟು ಮಡಚಿಕೊಂಡು, ನಲ್ಲಿಯ ಕೆಳಗೆ ಬಗ್ಗಿ, ಮೊಣಕೈಯವರೆಗೆ ಸೋಪು ಹಚ್ಚಿ ತಿಕ್ಕುತ್ತಿದ್ದ. ತೊಳೆದ ಕೈಗೇ ಮತ್ತೆ ಹಚ್ಚಿ ತಿಕ್ಕುತ್ತಿದ್ದ. ಬಕೆಟ್ಟು ತುಂಬಿ ಅಂಗಳಕ್ಕೆ ಹರಿಯುತ್ತಿತ್ತು.

"ನೋಡಿ ಹೇಳ್ತಿದ್ದೀನಿ ಅಜ್ಜ. ಬಂದಿದ್ದಾರೆ."

"ಹಾಗಾದ್ರೆ ತೊಳೆದಿದ್ದು ಸಾಕು," ಎಂದ ಅಜ್ಜ. "ಒಳಗೆ ಬರೋಕೆ ಹೇಳು."